ಮೋಡ ನುಂಗಿದ ಎಪಿಸೋಡುಗಳು

"ಹಲೋ... ಹಲೋ, ಯಾರು ಮಾತಾಡ್ತಿರೋದು?... ಯಾರು?... ಡಿಶ್ ಆಫೀಸಿನೋರಾ?... ನೋಡಿ, ಇವತ್ತು ಬಾಕ್ಸ್ ತಗೊಂಡು ಹೋಗೋಕೆ ಬರಬೇಡಿ. ಮನೇಲಿ ಯಾರೂ ಇಲ್ಲ... ನಾನಾ?... ನಾನೂ ಇಲ್ಲ ರೀ."

ಹೀಗೆ ಹೇಳಿದವಳು ಟೈಲರಮ್ಮ. ಬೀದಿಯವರೆಲ್ಲ ಅವಳನ್ನು ಕರೆಯುವುದೇ ಹಾಗೆ. ಕೈಯಲ್ಲಿ ಕತ್ತರಿ, ತುಟಿಯ ನಡುವೆ ಎರಡು ಗುಂಡುಪಿನ್ನು, ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ ಮೊಬೈಲು. ಹೊಲಿಗೆ ಮಿಷನ್ನಿನ ಮೇಲೆ ಆಸ್ಪತ್ರೆಯವರು ಹೊಲಿಯಲು ಕೊಟ್ಟಿದ್ದ ಹಸಿರು ಪರದೆ ನೆಲದವರೆಗೂ ಇಳಿಬಿದ್ದಿತ್ತು. ಮನೆಯೊಳಗೇ ಕೂತು ಇಲ್ಲ ಎಂದು ಹೇಳಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ತಾನೇ ಫೋನೆತ್ತಿ ತಾನೂ ಇಲ್ಲ ಎಂದವರನ್ನು ಎಲ್ಲಾದರೂ ಕಂಡಿದ್ದೀರಾ? ಗಾಬರಿಯಲ್ಲಿ ಪಿನ್ನು ನುಂಗದೆ ಉಳಿದಳಲ್ಲ, ಅದೇ ದೊಡ್ಡದು.

"...ಯಾರದು ನಗ್ತಿರೋದು?... ಅಯ್ಯೋ, ನೀನೇನೇ?... ದನಿ ಗೊತ್ತಾಗದೆ ಏನು, ನಂಬರ್ ಹೊಸದು ನೋಡಿ ಮೋಸಹೋದೆ... ಹಾಂ?... ಕೇಬಲ್ ಜೊತೆ ಫೋನೂ ಕೊಟ್ರಾ? ಹಾಗೆ ಹೇಳು ಟೀಚರಮ್ಮ."

ಟೀಚರಮ್ಮ ಎಂದರೆ ಅವಳ ನಾದಿನಿ, ಗಂಡನ ತಂಗಿ. ಊರಿನ ಇನ್ನೊಂದು ತುದಿಯಲ್ಲಿ ಅವಳ ಮನೆ. ಶಾಲೆಯಲ್ಲಿ ಪಾಠ ಹೇಳಿ ಹೇಳಿ, ಮನೆಯವರನ್ನೂ ಪ್ರಶ್ನೆ ಕೇಳಿಯೇ ಮಾತಾಡಿಸುತ್ತಾಳೆ ಎಂದು ಅತ್ತಿಗೆಯ ಹಳೆಯ ದೂರು. ಇವತ್ತು ಶಾಲೆಗೆ ರಜೆ. ಅತ್ತೆಯವರೂ ಒಂದು ವಾರದಿಂದ ಆ ಮನೆಯಲ್ಲೇ ಇದ್ದರು. ಮಗಳನ್ನು ನೋಡಿ ಬರುತ್ತೇನೆ ಎಂದದ್ದು ನೆಪ. ತಪ್ಪಿಹೋದ ಸೀರಿಯಲ್ಲುಗಳನ್ನು ಮಗಳ ಕೇಬಲ್ಲಿನಲ್ಲಿ ನೋಡಿ ಮುಗಿಸುವುದು ನಿಜವಾದ ಕೆಲಸ. ಆ ಕಡೆಯ ಮಾತು ನಮಗೆ ಕೇಳಿಸುವುದಿಲ್ಲ. ಈ ಕಡೆಯದೇ ಬೇಕಾದಷ್ಟಿದೆ.

"ಅತ್ತೆ ಏನ್ಮಾಡ್ತಿದಾರೆ?... ಮಲಗಿದಾರಾ?... ನಿಜವಾಗ್ಲೂ ಮಲಗಿದಾರಾ, ಇಲ್ಲ ಕಣ್ಣು ಮುಚ್ಕೊಂಡಿದಾರಾ?... ಅಲ್ಲ, ಬಂದಾಗಿಂದ ಮಧ್ಯಾಹ್ನ ನಿದ್ದೆನೇ ಹತ್ತುತ್ತಿಲ್ಲ ಅಂತ ನೀನೇ ಹೇಳಿದ್ದೆಯಲ್ಲ, ಅದಕ್ಕೆ ಕೇಳ್ದೆ... ಇಲ್ಲಿದ್ದಾಗ ನನ್ನ ಮಿಷನ್ ಸದ್ದಿಗೆ ಬೈಕೊಂಡು ಬೈಕೊಂಡು ಮಲಗಿಬಿಡ್ತಾರೆ. ಅಲ್ಲಿ ಬೈಯೋಕೆ ಯಾರೂ ಸಿಕ್ಕಿರಲ್ಲ, ಪಾಪ."

ನಾದಿನಿ ನೇರವಾಗಿ ವಿಷಯಕ್ಕೆ ಬಂದಿರಬೇಕು. ಟೈಲರಮ್ಮ ಪಿನ್ನುಗಳನ್ನು ಬಾಯಿಂದ ತೆಗೆದು ಪರದೆಗೆ ಚುಚ್ಚಿದಳು. ವಿಷಯ ಇಷ್ಟೇ. ಈ ಮನೆಯ ಡಿಶ್ಶನ್ನು ತೆಗೆಸಿ ಕೇಬಲ್ ಹಾಕಿಸುವುದೆಂದು ತಾಯಿ ಮಗಳು ಇಬ್ಬರೂ ಸೇರಿ ತೀರ್ಮಾನ ಮಾಡಿದ್ದರು. ಟೈಲರಮ್ಮನ ಗಂಡ ಬಸ್ ಡ್ರೈವರು. ಸ್ಟಿಯರಿಂಗ್ ಹಿಡಿದರೆ ಯಾರಿಗೂ ದಾರಿ ಬಿಡದ ಮನುಷ್ಯ, ಅಮ್ಮ ಒಂದು ಮಾತು ಹೇಳಿದರೆ ರಿವರ್ಸ್ ಗೇರಿನಲ್ಲೇ ಮನೆ ತಲುಪುತ್ತಾನೆ. ಹೂಂ ಎಂದು ಬಂದುಬಿಟ್ಟಿದ್ದ. ಬಾಡಿಗೆಯ ಬಾಕ್ಸನ್ನು ವಾಪಸು ಒಯ್ಯಲು ಡಿಶ್ ಆಫೀಸಿನವನು ಇವತ್ತು ಮಧ್ಯಾಹ್ನ ಬರುವವನಿದ್ದ. ಟೈಲರಮ್ಮನಿಗೆ ಬೆಳಗಿನಿಂದ ಒಂದು ಹೊಲಿಗೆಯೂ ನೆಟ್ಟಗೆ ಬಿದ್ದಿರಲಿಲ್ಲ.

"ನಂಗೇನು ಹಟ ಇಲ್ಲಪ್ಪ... ಇಲ್ಲ ಅಂದೆನಲ್ಲ... ಡಿಶ್ ಚೆನ್ನಾಗಿದೆ, ಅಷ್ಟು ಹೇಳಿದೆ. ಅದೂ ತಪ್ಪಾ?"

ಹಟವಿಲ್ಲ ಎಂದವಳು ಡಿಶ್ಶಿನ ಗುಣಗಾನಕ್ಕೆ ನಿಂತಳು. ಬೇಕಾದ ಕಾರ್ಯಕ್ರಮವನ್ನು ಬಾಕ್ಸಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬಹುದು, ಒಂದು ಚಾನೆಲ್ ನೋಡುತ್ತಿರುವಾಗಲೇ ಇನ್ನೊಂದನ್ನು ಹಿಡಿದಿಡಬಹುದು, ಜಾಹೀರಾತು ಬಂದರೆ ಓಡಿಸಬಹುದು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮದು ನಮ್ಮ ಕೈಯಲ್ಲೇ ಇರುತ್ತದೆ ಎಂದಳು. ಡಿಶ್ ಕಂಪನಿಯವರೇ ಕೂತು ಕೇಳಿದ್ದರೆ ಅವಳನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಅವಳು ಸುಮ್ಮನಾಗಿ ಕೇಳಿಸಿಕೊಳ್ಳಬೇಕಾಯಿತು. ನಾದಿನಿಯೇನು ಕಡಿಮೆಯವಳಲ್ಲ.

"...ಹೌದಾ?... ನಾವು ಏನೂ ರೆಕಾರ್ಡ್ ಮಾಡೋದೇ ಬೇಡ್ವಾ?... ಎಲ್ಲ ಅವರ ಹತ್ರಾನೇ ಇರುತ್ತಾ?... ನಾವು ಕೇಳಿದಾಗ ಕಳಿಸ್ತಾರಾ?... ತಕ್ಷಣಾನಾ?... ನಿಮ್ಮಣ್ಣನ್ನ ಒಂದು ಲೋಟ ನೀರು ಕೇಳಿದ್ರೂ ಅಷ್ಟು ಬೇಗ ಬರಲ್ಲ ಕಣೇ."

ನಕ್ಕಳು. ನಗು ಮುಗಿಯುವ ಮೊದಲೇ ದನಿ ತಗ್ಗಿಸಿದಳು.

"ಅಲ್ಲ, ಒಂದು ಮಾತು. ಕೇಳಿದ್ದೆಲ್ಲ ಅಂದ್ರೆ, ಎಲ್ಲಾ ಬರುತ್ತಾ?... ಸಿನಿಮಾ, ಸೀರಿಯಲ್ ಸರಿ. ಹಳೇದು?... ಹೋದ ವರ್ಷದ್ದು?... ಸುದ್ದಿ ಬರುತ್ತಾ?... ದೊಡ್ಡ ಸುದ್ದಿ ಅಲ್ಲ ಕಣೇ, ನಮ್ಮೂರಿನ ಚಾನೆಲ್‌ದು. ರಸ್ತೆ, ಚರಂಡಿ, ನಲ್ಲಿ ನೀರು, ಅಂಥದ್ದು... ಬರಲ್ವಾ?... ಹುಡುಕಿದ್ರೂ ಬರಲ್ವಾ?... ಅಯ್ಯೋ, ಹೋದ ವರ್ಷದ ಚರಂಡಿ ನಂಗ್ಯಾಕೆ ಬೇಕು. ಸುಮ್ನೆ ಕೇಳ್ದೆ."

ಸುಮ್ಮನೆ ಕೇಳಿದವಳ ಮುಖ ಸಪ್ಪಗಾಯಿತು. ಎದುರು ಗೋಡೆಯ ಟೀವಿಯ ಕೆಳಗೆ ಕಪ್ಪು ಬಾಕ್ಸು ಕೂತಿತ್ತು. ಅವಳು ಎದ್ದು ಹೋಗಿ ಪರದೆಯ ಚೂರಿನಿಂದ ಅದರ ಮೇಲಿನ ಧೂಳು ಒರೆಸಿದಳು. ಇನ್ನೇನು ಮನೆ ಬಿಟ್ಟು ಹೋಗುವ ಬಾಕ್ಸಿಗೆ ಧೂಳು ಹಿಡಿದರೇನು, ಬಿಟ್ಟರೇನು. ಆದರೂ ಮೂಲೆ ಮೂಲೆ ಬಿಡದೆ ಒರೆಸಿದಳು. ಒರೆಸುತ್ತಲೇ ಮಾತಿಗೆ ಮತ್ತೆ ಬಲ ತಂದುಕೊಂಡಳು.

"ಹೆತ್ತವರಿಗೆ ಹೆಗ್ಗಣ ಮುದ್ದು, ನಿಂಗೆ ನಿನ್ನ ಕೇಬಲ್ ಮುದ್ದು... ಅಲ್ವಾ ಮತ್ತೆ? ಟೀವಿ, ಫೋನು, ಇಂಟರ್‌ನೆಟ್ಟು, ಎಲ್ಲ ಒಂದೇ ತಂತೀಲಿ ಅಂತೀಯಾ. ರಸ್ತೆ ಅಗೆಯೋರು ಒಂದೇಟು ಹಾಕಿದ್ರೆ ಏನ್ಮಾಡ್ತೀಯಾ?... ಹಾಂ?... ನಿಮ್ಮ ಬೀದೀಲಿ ಇವತ್ತೇ ಅಗೀತಿದಾರಾ? ನೋಡಿದ್ಯಾ, ಬಾಯಿ ಮಾತಿಗೆ ಹೇಳ್ದೆ... ಇಲ್ಲಪ್ಪ, ಶಾಪ ಹಾಕಿಲ್ಲ."

ಈಗ ಟೀಚರಮ್ಮ ಪರೀಕ್ಷೆ ಶುರು ಮಾಡಿದಳು ಎಂದು ಕಾಣುತ್ತದೆ. ಟೈಲರಮ್ಮನ ಉತ್ತರಗಳು ಒಂದೊಂದಾಗಿ ಗಿಡ್ಡವಾದವು.

"ನಮ್ಮ ಡಿಶ್ಶಾ?... ಹೌದು, ಮೋಡ ಕವಿದ್ರೆ ಚಿತ್ರ ನಿಲ್ಲುತ್ತೆ... ಆಮೇಲೆ ಬರುತ್ತೆ... ರೆಕಾರ್ಡ್ ಆಗಿರೋದಾ?... ಅದೂ ಹೋಗುತ್ತೆ... ಮೋಡಕ್ಕೇ ಹೋಗೋದು... ಯಾರು ಹೇಳಿದ್ದು ಹಾಗಾಗಲ್ಲ ಅಂತ?... ನಿಮ್ಮನೆಯವರಿಗೇನು ಗೊತ್ತು... ಹಾಂ... ಹೌದಲ್ವಾ, ಅವರ ಕೆಲಸಾನೇ ಟೀವಿ ರಿಪೇರಿ. ಮರೆತೇ ಹೋಗಿತ್ತು."

ಮೋಡದ ಕತೆ ಹೀಗೆ. ಅತ್ತೆಯವರು ಯಾವ ವಯಸ್ಸಿನಲ್ಲಿ ಕಲಿತರೇನು, ರಿಮೋಟಿನ ಕೆಂಪು ಬಟನ್ ಒತ್ತಿ ಸೀರಿಯಲ್ ರೆಕಾರ್ಡ್ ಮಾಡುವುದನ್ನು ಚೆನ್ನಾಗಿ ಕಲಿತಿದ್ದರು. ಕಲಿತಮೇಲೆ ಕೈ ನಿಲ್ಲಲಿಲ್ಲ, ಬಂದದ್ದೆಲ್ಲ ರೆಕಾರ್ಡ್. ಆದರೆ ನೋಡಲು ಕೂತರೆ ಅರ್ಧ ಎಪಿಸೋಡುಗಳೇ ಇರುತ್ತಿರಲಿಲ್ಲ. ಅದರಲ್ಲೂ ಎಷ್ಟೋ ದಿನದಿಂದ ಕಾದಿದ್ದ, ಸೀರಿಯಲ್ಲಿನ ಡಾಕ್ಟರ ಮದುವೆಯ ಎಪಿಸೋಡು ಮಾಯವಾದ ದಿನ ಅವರು ಊಟವನ್ನೇ ಸರಿಯಾಗಿ ಮಾಡಲಿಲ್ಲ. ಏನಾಯಿತೇ ಎಂದು ಕೇಳಿದಾಗಲೆಲ್ಲ ಸೊಸೆ ಒಂದೇ ಮಾತು ಹೇಳುತ್ತಿದ್ದಳು, ಮೋಡ ಅತ್ತೆ, ಮೋಡ ಬಂದರೆ ಡಿಶ್ಶಿನಲ್ಲಿ ಎಲ್ಲ ಅಳಿಸಿಹೋಗುತ್ತದೆ. ಪಾಪ, ಅತ್ತೆ ಅಂಗಳಕ್ಕೆ ಹೋಗಿ ಆಕಾಶಕ್ಕೆ ಎರಡು ಮಾತು ಬೈದು ಬರುತ್ತಿದ್ದರು. ಕೊನೆಗೆ ಸಾಕಾಗಿ ಮಗಳ ಹತ್ತಿರ ಹೇಳಿಕೊಂಡರು. ಕೇಬಲ್ಲಿನ ಮಾತು ಹುಟ್ಟಿದ್ದೇ ಅಲ್ಲಿಂದ.

"ಹೋದ ತಿಂಗಳಾ?... ಬಿಸಿಲಿತ್ತಾ?... ತಿಂಗಳಿಡೀನಾ?... ಹಾಗಾದ್ರೆ ಪಕ್ಕದೂರಿನ ಮೋಡ ಇರಬೇಕು... ಏನು?... ಯಾರು ಅಳಿಸಿದ್ದು ಅಂದ್ರೆ?... ನನ್ನನ್ನೇ ಕೇಳ್ತಿದೀಯಾ?..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವಳು ಹೆಗಲು ಮುಟ್ಟಿಕೊಳ್ಳಲಿಲ್ಲ, ಬಾಗಿಲ ಚಿಲಕ ಹಾಕಿ ಬಂದಳು. ಸ್ಟೂಲಿನ ಮೇಲೆ ಕೂತು, ಅಳತೆ ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

"...ಹ್ಞೂಂ... ನಾನೇ ಕಣೇ... ನಾನೇ ಅಳಿಸಿದ್ದು. ನಗಬೇಡ... ಅತ್ತೆ ಮೇಲಿನ ಸಿಟ್ಟಿಗಾ? ಛೆ, ಹಾಗೆಲ್ಲ ಅಂದ್ಕೋಬೇಡ. ಬಾಕ್ಸ್ ತುಂಬಿದ್ರೆ ಎಲ್ಲಕ್ಕಿಂತ ಹಳೇದನ್ನ ಅದೇ ಅಳಿಸಿಬಿಡುತ್ತೆ. ಆ ಹಳೇದು ನಂಗೆ ಬೇಕು. ಅದಕ್ಕೆ ಜಾಗ ಉಳೀಲಿ ಅಂತ ಅತ್ತೆದು ಒಂದೊಂದೇ ತೆಗೀತಿದ್ದೆ... ಅದರಲ್ಲೇನಿದೆ ಅಂತಾನಾ?... ಹೇಳಲ್ಲ ಹೋಗು... ಅತ್ತೆ ಮಲಗಿರೋದು ಖಂಡಿತಾನಾ?"

ಹೇಳುವುದಿಲ್ಲ ಎಂದವಳು ಉಸಿರು ಬಿಡದೆ ಹೇಳಿದಳು. ಹೋದ ವರ್ಷ ಪೇಟೆ ಬೀದಿಯನ್ನು ಅಗೆದು ಹಾಕಿದ್ದರಲ್ಲ, ಆಗ ಊರಿನ ಚಾನೆಲ್ಲಿನವರು ಮೈಕು ಹಿಡಿದು ಬಂದು ದಾರಿಯಲ್ಲಿ ಸಿಕ್ಕಿದವರನ್ನೆಲ್ಲ ಗದ್ದಲದ ಬಗ್ಗೆ ಕೇಳಿದರು. ತರಕಾರಿ ಚೀಲ ಹಿಡಿದುಕೊಂಡು ಬರುತ್ತಿದ್ದ ಅತ್ತೆಯೂ ಅವರ ಕೈಗೆ ಸಿಕ್ಕಿದರು. ಸಂಜೆ ಅತ್ತೆ ಹೊರಗೆ ಹೋಗಿದ್ದಾಗ ಇವಳು ಗುಂಡಿಯ ಕಾಜಾ ಹೊಲಿಯುತ್ತ ಟೀವಿ ಹಾಕಿಕೊಂಡಿದ್ದಳು. ನೋಡಿದರೆ ಟೀವಿಯಲ್ಲಿ ಅತ್ತೆಯ ಮುಖ. ಅತ್ತೆಯನ್ನು ನೋಡಿ ನೋಡಿ ಬಂದ ವಿದ್ಯೆ, ಕೈ ತಾನಾಗಿ ಕೆಂಪು ಬಟನ್ನಿಗೆ ಹೋಯಿತು.

"ಅವನು ಕೇಳ್ತಾನೆ, ಈ ಗದ್ದಲದಲ್ಲಿ ಮಧ್ಯಾಹ್ನ ನಿದ್ದೆ ಬರುತ್ತಾ ಅಜ್ಜಿ ಅಂತ. ಅತ್ತೆ ಹೇಳ್ತಾರೆ... ತಾಳು, ಅವರು ಹೇಳಿದ ಹಾಗೇ ಹೇಳ್ತೀನಿ... 'ಸದ್ದು ನಂಗೆ ಅಭ್ಯಾಸ ಕಣಪ್ಪ. ನನ್ನ ಸೊಸೆ ಹಗಲೆಲ್ಲ ಮಿಷನ್ ತುಳೀತಿರ್ತಾಳೆ. ಆ ಸದ್ದು ಕೇಳ್ತಿದ್ರೆ ಅವಳು ಮನೇಲಿದಾಳೆ ಅಂತ ಧೈರ್ಯ. ಅದು ನಿಂತ್ರೇನೇ ನಂಗೆ ನಿದ್ದೆ ಬರಲ್ಲ.' ಹೀಗಂದ್ರು ಕಣೇ. ಊರಿಗೆಲ್ಲ ಕೇಳೋ ಹಾಗೆ ಅಂದ್ರು..."

ಟೈಲರಮ್ಮ ಮೂಗೊರೆಸಿಕೊಂಡಳು, ಆಸ್ಪತ್ರೆಯ ಪರದೆಯ ಅಂಚಿಗೇ.

"...ಅಳ್ತಿಲ್ಲ ಕಣೇ, ದಾರದ ಧೂಳು... ನನ್ನೆದುರಿಗೆ? ನನ್ನೆದುರಿಗೆ ಯಾವತ್ತು ಹೇಳಿದಾರೆ? ಉಪ್ಪು ಸರಿಯಾಗಿದ್ರೆ ಸುಮ್ನೆ ಉಣ್ತಾರೆ, ಹೆಚ್ಚಾದ್ರೆ ಹೇಳ್ತಾರೆ. ಅವತ್ತು ಮನೆಗೆ ಬಂದು ಚೀಲ ಕೆಳಗಿಟ್ಟು ಮೊದಲು ಆಡಿದ ಮಾತೇನು ಗೊತ್ತಾ? 'ಆ ಮಿಷನ್ ನಿಲ್ಸೇ ತಾಯಿ, ತಲೆ ಸಿಡೀತಿದೆ' ಅಂತ."

ಇದಾದಮೇಲೆ ನಗು ತಡೆಯಲು ಇಬ್ಬರಿಗೂ ಆಗಲಿಲ್ಲ. ನಕ್ಕು ಮುಗಿದಮೇಲೆ ಉಳಿದದ್ದನ್ನೂ ಅವಳು ಹೇಳಿದಳು. ಮನಸ್ಸಿಗೆ ಬೇಜಾರಾದ ದಿನ, ಅತ್ತೆ ಹೊರಗೆ ಹೋದ ಹೊತ್ತು ನೋಡಿ, ಚಿಲಕ ಹಾಕಿಕೊಂಡು ಅದನ್ನು ಹಾಕಿ ನೋಡುತ್ತಾಳೆ. ಒಂದು ಸಲ ಮೊಬೈಲಿನಲ್ಲಿ ಹಿಡಿಯಲು ನೋಡಿದಳು, ಅತ್ತೆಯ ಮುಖದ ತುಂಬ ಗೆರೆ ಬಿತ್ತು, ದನಿ ಬಾವಿಯೊಳಗಿಂದ ಬಂದಂತೆ ಬಂತು. ಈ ಬಾಕ್ಸಿನಲ್ಲಿ ಹಿಡಿದದ್ದು ಇನ್ನೊಂದು ಬಾಕ್ಸಿನಲ್ಲಿ ಬರುವುದಿಲ್ಲವಂತೆ. ಬಾಕ್ಸು ಹೋದರೆ ಆ ಮಾತೂ ಹೋದ ಹಾಗೆಯೇ.

"...ತೋರಿಸೋದಾ? ಚೆನ್ನಾಗಿ ಹೇಳ್ದೆ. ತಾನು ಟೀವೀಲಿ ಬಂದ್ನಾ ಅಂತ ನಾಲ್ಕಾರು ಸಲ ಕೇಳಿದ್ರು. ಇಲ್ಲ ಅತ್ತೆ, ನಿಮ್ಮದು ಹಾಕಲಿಲ್ಲ ಅಂದೆ. ತೋರಿಸಿದ್ರೆ, 'ನಾನು ಹಾಗೆ ಹೇಳೇ ಇಲ್ಲ, ಟೀವಿಯೋರು ಸೇರಿಸಿದಾರೆ' ಅಂತಾರೆ. ನಿಮ್ಮಮ್ಮ ನಿಂಗೊತ್ತಿಲ್ವಾ? ಇರೋದು ಒಂದೇ ಒಂದು ಒಳ್ಳೇ ಮಾತು. ಅದನ್ನೂ ವಾಪಸ್ ತಗೊಂಡುಬಿಟ್ರೆ?"

ನಾದಿನಿ ಏನೋ ಕೇಳಿದಳು. ಟೈಲರಮ್ಮ ರಿಮೋಟನ್ನು ಕೈಗೆತ್ತಿಕೊಂಡು ಕಣ್ಣಿನ ಹತ್ತಿರ ಹಿಡಿದಳು.

"...ಯಾವ ಬಟನ್ನು?... ಹಳದೀದಾ?... ಅದನ್ನ ಒತ್ತಿದ್ರೆ?... ಅದೊಂದಕ್ಕೇ ಬೀಗ ಬೀಳುತ್ತಾ?... ಬಾಕ್ಸ್ ತುಂಬಿದ್ರೂ ಅಳಿಸಲ್ವಾ?... ಹಾಗಾದ್ರೆ ಅತ್ತೆ ಎಪಿಸೋಡೆಲ್ಲ ನಾನು ಸುಮ್‌ಸುಮ್ನೆ ಅಳಿಸಿದ್ನಾ?... ಒಂದು ವರ್ಷದಿಂದ?... ಡಾಕ್ಟರ ಮದುವೆನೂ?..."

ರಿಮೋಟು ತೊಡೆಯ ಮೇಲೆ ಬಿತ್ತು. ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಳು. ಒಂದು ಹಳದಿ ಬಟನ್ ಒತ್ತಿದ್ದರೆ ಅತ್ತೆಯ ಸೀರಿಯಲ್ ಉಳಿಯುತ್ತಿತ್ತು, ಅತ್ತೆಯ ಸೀರಿಯಲ್ ಉಳಿದಿದ್ದರೆ ಡಿಶ್ ಉಳಿಯುತ್ತಿತ್ತು, ಡಿಶ್ ಉಳಿದಿದ್ದರೆ ಆ ಮಾತು ಉಳಿಯುತ್ತಿತ್ತು. ಇದನ್ನೆಲ್ಲ ಯೋಚಿಸಿ ಅವಳು ಹಣೆ ಚಚ್ಚಿಕೊಳ್ಳುವುದರಲ್ಲಿದ್ದಳು, ಅಷ್ಟರಲ್ಲಿ ಕೈ ಅಲ್ಲೇ ನಿಂತಿತು.

"...ಯಾರೇ ಕೆಮ್ಮಿದ್ದು?... ಟೀಚರಮ್ಮ, ಯಾರು ಕೆಮ್ಮಿದ್ದು ಅಂತ ಕೇಳ್ದೆ... ಆ ಕೆಮ್ಮು ನಂಗೆ ಗೊತ್ತು... ಫೋನ್ ಸ್ಪೀಕರಲ್ಲಿದೆಯಾ?... ಯಾವಾಗಿಂದ?... ಮೊದಲಿಂದಾನಾ?..."

ಟೈಲರಮ್ಮ ಎದ್ದು ನಿಂತಳು. ಕತ್ತರಿ ಕೆಳಗೆ ಬಿತ್ತು. ಅತ್ತೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಆದರೂ ಇವಳು ತಲೆಗೂದಲು ಸರಿಮಾಡಿಕೊಂಡಳು.

"...ಅತ್ತೆ... ಹಾಂ ಅತ್ತೆ, ನಾನೇ... ಹೌದು ಅತ್ತೆ... ಅದನ್ನೂ ನಾನೇ... ಮೋಡ ಅಲ್ಲ ಅತ್ತೆ, ಸುಳ್ಳು ಹೇಳ್ದೆ... ತಪ್ಪಾಯ್ತು..."

ಬೈಗುಳ ಬರಬೇಕಿತ್ತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿ ಕಾದಳು. ಬಂದದ್ದು ಬೈಗುಳವಲ್ಲ ಎಂಬುದು ಅವಳ ಒಂದು ಕಣ್ಣು ತೆರೆದದ್ದರಿಂದಲೇ ಗೊತ್ತಾಯಿತು.

"...ಟೀವೀಲಾ?... ಚೆನ್ನಾಗೇ ಕಾಣ್ತಿದ್ರಿ ಅತ್ತೆ... ತಲೆನಾ? ನೀಟಾಗಿ ಬಾಚಿದ ಹಾಗೇ ಇತ್ತು... ದಪ್ಪ ಏನೂ ಕಾಣ್ತಿರ್ಲಿಲ್ಲ, ಚೀಲ ಅಡ್ಡ ಬಂದಿತ್ತಲ್ಲ... ಹಾಂ?... ಆ ಮಾತಾ?... ನೀವು ಹೇಳೇ ಇಲ್ವಾ?... ಸರಿ ಅತ್ತೆ, ಹೇಳಿಲ್ಲ ಬಿಡಿ... ಹೌದೌದು, ಟೀವಿಯೋರೇ ಸೇರಿಸಿರ್ತಾರೆ."

ಬಾಯಿ ಹೌದೌದು ಎನ್ನುತ್ತಿತ್ತು, ಭುಜ ನಗುವಿಗೆ ಕುಲುಕುತ್ತಿತ್ತು. ಅದೇ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಕಿಟಕಿಯಾಚೆ ಬೆನ್ನಿಗೆ ಚೀಲ ಹಾಕಿಕೊಂಡು ಡಿಶ್ ಆಫೀಸಿನವನು ನಿಂತಿದ್ದ. ಟೈಲರಮ್ಮನ ನಗು ಅಲ್ಲಿಗೇ ನಿಂತಿತು.

"ಅತ್ತೆ... ಬಂದ ಅತ್ತೆ, ಬಾಕ್ಸ್ ತಗೊಂಡು ಹೋಗೋನು... ಏನ್ಮಾಡ್ಲಿ?... ಹಾಂ?... ಇನ್ನೊಂದ್ಸಲ ಹೇಳಿ... ಕೊಡಬೇಡ ಅಂತೀರಾ?... ನಿಮ್ಮ ಮುಖ ನೀವು ನೋಡಿ ಆಗೋವರೆಗಾ?... ಆಮೇಲೆ?... ಆಮೇಲೂ ಬೇಡ್ವಾ?..."

ಕಿಟಕಿಯ ಹತ್ತಿರ ಹೋದಳು. ಬಾಗಿಲು ತೆರೆಯಲಿಲ್ಲ.

"ಬಾಕ್ಸ್ ಕೊಡಲ್ಲ ಕಣಪ್ಪ. ನಮ್ಮತ್ತೆ ಬೇಡ ಅಂದಿದಾರೆ."

ಅವನು ಏನೋ ಗೊಣಗಿದ. ಮನೆಯ ಯಜಮಾನರೇ ಬರಲು ಹೇಳಿದ್ದರೆಂದು ವಾದ ಹಾಕಿದ. ಟೈಲರಮ್ಮ ಅದೇ ಮಾತನ್ನು ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು. ನಮ್ಮತ್ತೆ ಬೇಡ ಅಂದಿದ್ದಾರೆ. ಇಷ್ಟು ವರ್ಷದಲ್ಲಿ ಅತ್ತೆಯ ಹೆಸರು ಹೇಳಿ ಅವಳು ಯಾರನ್ನಾದರೂ ಹೆದರಿಸಿದ್ದು ಇದೇ ಮೊದಲು, ಅದರ ರುಚಿ ಅವಳಿಗೆ ಹಿಡಿಸಿತು. ಅವನು ಹೋದ.

"...ಹೋದ ಅತ್ತೆ... ನಿಮ್ಮ ಮಗನಿಗೆ ನೀವೇ ಹೇಳ್ಬೇಕು, ನಂಗಾಗಲ್ಲ... ನಾಳೆ ಬರ್ತೀರಾ?... ಇನ್ನೆರಡು ದಿನ ಇದ್ದು ಡಾಕ್ಟರ ಮದುವೆ ನೋಡ್ಕೊಂಡೇ ಬನ್ನಿ... ಇಲ್ಲ ಅತ್ತೆ, ಬರಬೇಡಿ ಅನ್ಲಿಲ್ಲ... ಊಟ ಆಯ್ತು... ಮತ್ತೇನತ್ತೆ?..."

ಆ ಕಡೆಯ ದನಿ ತಗ್ಗಿರಬೇಕು. ಟೈಲರಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

"...ಮಿಷನ್ನಾ?... ಈಗಾ?... ಫೋನ್ ಪಕ್ಕದಲ್ಲಿ ಇಟ್ಕೊಂಡಾ?... ನಿಮಗೆ ತಲೆ ಸಿಡಿಯಲ್ವಾ ಅತ್ತೆ?... ಸರಿ, ಸರಿ, ಕೇಳಲ್ಲ. ತುಳೀತೀನಿ."

ಫೋನನ್ನು ಮಿಷನ್ನಿನ ಹಲಗೆಯ ಮೇಲೆ, ಸೂಜಿಯ ಪಕ್ಕದಲ್ಲಿ ಇಟ್ಟಳು. ಪರದೆಯ ಅಂಚನ್ನು ಮಡಿಸಿ ಸೂಜಿಯ ಕೆಳಗೆ ತಂದು, ಚಕ್ರಕ್ಕೆ ಕೈ ಕೊಟ್ಟು ತುಳಿಯತೊಡಗಿದಳು. ಆಸ್ಪತ್ರೆಯ ಪರದೆಗಳು ಉದ್ದ, ಅಂಚು ಬೇಗ ಮುಗಿಯುವುದಿಲ್ಲ. ಬೆಳಗಿನಿಂದ ಸೊಟ್ಟಗೆ ಬೀಳುತ್ತಿದ್ದ ಹೊಲಿಗೆ ಈಗ ನೆಟ್ಟಗೆ ಬಿತ್ತು. ಕಣ್ಣು ಮಂಜಾಗಿದ್ದರೂ ನೆಟ್ಟಗೇ ಬಿತ್ತು. ಒಂದು ಬದಿ ಮುಗಿಸಿ, ಬಟ್ಟೆ ತಿರುಗಿಸಿ, ಇನ್ನೊಂದು ಬದಿ ಹಿಡಿದಳು. ಅದೂ ಅರ್ಧವಾದಾಗ, ಕಾಲು ನಿಲ್ಲಿಸದೆಯೇ ಬಗ್ಗಿ ಫೋನಿಗೆ ಕಿವಿ ಕೊಟ್ಟಳು. ಗೊರಕೆ. ಕೊನೆಯಲ್ಲಿ ಸಣ್ಣಗೆ ಸಿಳ್ಳೆ ಹಾಕುವ, ಅವಳು ದಿನಾ ಕೇಳುವ ಅದೇ ಗೊರಕೆ. ಅವಳು ದನಿ ತೀರ ಸಣ್ಣ ಮಾಡಿದಳು.

"...ಅತ್ತೆ... ಮಲಗಿದ್ರಾ?... ಮಲಗಿ, ಮಲಗಿ... ಮಿಷನ್ ನಿಲ್ಸಲ್ಲ... ನಾನು ಮನೇಲೇ ಇದೀನಿ ಅತ್ತೆ, ಎಲ್ಲೂ..."

ಆ ಕಡೆಯ ಬೀದಿಯಲ್ಲಿ ಅಗೆಯುವವರು ಅಷ್ಟರಲ್ಲಿ ಕೇಬಲ್ಲಿನ ತಂತಿಗೆ ಒಂದೇಟು ಹಾಕಿದರು. ಗೊರಕೆ ಅರ್ಧದಲ್ಲೇ ತುಂಡಾಯಿತು. ಫೋನಿನ ಬೆಳಕು ಆರಿತು. ಅವಳು ತುಳಿಯುತ್ತಲೇ ಇದ್ದಳು.